ಸೋಯಾ ಸಾಸಿನ ಕಂಪನಿಯಿಂದ ಎಚ್‌ಐವಿಗೆ ಮದ್ದು

ಜಪಾನಿನ ಚೋಶಿ ಪಟ್ಟಣದ ಯಮಾಸಾ ಕಂಪನಿ 1645ರಿಂದ ಸೋಯಾ ಸಾಸ್ ಮಾಡುತ್ತ ಬಂದಿದೆ. ಎಚ್‌ಐವಿಯನ್ನು ಕಟ್ಟಿಹಾಕುವ ಬಲು ಪ್ರಬಲ ನ್ಯೂಕ್ಲಿಯೊಸೈಡ್ (ಸಕ್ಕರೆಗೆ ಬೇಸ್ ಎಂಬ ತುಣುಕು ಅಂಟಿದ ಅಣು) ಒಂದರ ಹುಟ್ಟಿನಲ್ಲಿ ಈ ಕಂಪನಿಯ ಕೈಯಿದೆ. ಎಲ್ಲಿಯ ಸಾಸು, ಎಲ್ಲಿಯ ವೈರಸ್ಸು! ಆದರೆ ಅಡುಗೆಗೆ ರುಚಿ ಕೊಡುವ ಗ್ವಾನಿಲೇಟ್ ಕೂಡ ಫಾಸ್ಫೇಟ್ ಅಂಟಿಸಿಕೊಂಡ ನ್ಯೂಕ್ಲಿಯೊಸೈಡೇ. ರುಚಿಯ ಬೆನ್ನುಹತ್ತಿದ ಅಲ್ಲಿನವರಿಗೆ ಈ ಅಣುಗಳು ಚೆನ್ನಾಗಿ ಪಳಗಿದ್ದವು.

ಎಚ್‌ಐವಿಯ ಒಳಗಿರುವುದು ಆರ್‌ಎನ್‌ಎ. ನಮ್ಮ ಜೀವಕೋಶ ಹೊಕ್ಕ ಮೇಲೆ ಅದರ ಕಿಣ್ವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್, ಕೋಶದ ನ್ಯೂಕ್ಲಿಯೊಸೈಡುಗಳನ್ನೇ ಬಳಸಿ ಡಿಎನ್‌ಎ ಎಳೆ ಹೆಣೆಯುತ್ತದೆ. ಪ್ರತಿ ನ್ಯೂಕ್ಲಿಯೊಸೈಡಿನ ಸಕ್ಕರೆಯ ಮೂರನೇ ಇಂಗಾಲದಲ್ಲಿ ಒಂದು ಹೈಡ್ರಾಕ್ಸಿಲ್ ಗುಂಪಿದೆ. ಮುಂದಿನದು ಬಂದು ಕೂಡಿಕೊಳ್ಳುವುದು ಅಲ್ಲಿಗೇ. ಅದಿಲ್ಲದ ಹುಸಿ ಅಣು ನುಸುಳಿದರೆ ಎಳೆ ಅಲ್ಲಿಗೇ ಮೊಟಕು.

ಡೆಟ್ರಾಯಿಟ್‌ನಲ್ಲಿ ಜೆರೋಮ್ ಹಾರ್ವಿಟ್ಜ್ 1964ರಲ್ಲಿ ಕ್ಯಾನ್ಸರಿಗೆಂದು ತಯಾರಿಸಿದ ಎಜೆಡ್‌ಟಿ ಅಂಥದ್ದು. ಕ್ಯಾನ್ಸರ್ ಮೇಲೆ ಅದರ ಆಟ ನಡೆಯಲಿಲ್ಲ. 1986ರ ಎಚ್‌ಐವಿ ಪ್ರಯೋಗದಲ್ಲಿ ಮಾತ್ರ ಹುಸಿ ಗುಳಿಗೆ ನುಂಗಿದವರಲ್ಲಿ 19 ಮಂದಿ ಸತ್ತರೆ, ಎಜೆಡ್‌ಟಿ ಪಡೆದವರಲ್ಲಿ ಸತ್ತದ್ದು ಒಬ್ಬರೇ. ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿ ಎಲ್ಲರಿಗೂ ಮದ್ದು ಕೊಟ್ಟರು. ರಕ್ತಹೀನತೆ ಕಾಡಿತು, ಮದ್ದಿಗೆ ಬಗ್ಗದ ವೈರಸ್ಸೂ ಎದ್ದಿತು. ಹಾಗಾಗಿ ಒಂಟಿ ಮದ್ದಿನ ಕಾಲ ಮುಗಿಯಿತು. ಇಂದು ನಮ್ಮ ಎಆರ್‌ಟಿ ಕೇಂದ್ರಗಳಲ್ಲಿ ಉಚಿತವಾಗಿ ಸಿಗುವ ಮೂರು ಮದ್ದುಗಳ ಗುಳಿಗೆಯಲ್ಲಿ ಟೆನೊಫೊವಿರ್, ಲ್ಯಾಮಿವುಡಿನ್ ಎರಡೂ ಇದೇ ಬಳಗದವು.

ಯಮಾಸಾದವರು ರಸಾಯನಶಾಸ್ತ್ರಜ್ಞ ಹಿರೋಶಿ ಓರುಯಿ ಜೊತೆಗೂಡಿ ರೂಪಿಸಿದ ಇಸ್ಲಾಟ್ರಾವಿರ್‌ನ ದಾರಿಯೇ ಬೇರೆ. ಅದರಲ್ಲಿ ಹೈಡ್ರಾಕ್ಸಿಲ್ ಇದ್ದಲ್ಲೇ ಇದೆ! ಅದಿರುವುದರಿಂದ ಜೀವಕೋಶ ಇದನ್ನು ತನ್ನದೇ ಎಂದುಕೊಂಡು ಫಾಸ್ಫೇಟ್ ತೊಡಿಸುತ್ತದೆ. ಫಾಸ್ಫೇಟ್ ಇಲ್ಲದೆ ಈ ಮದ್ದುಗಳು ಕೆಲಸಕ್ಕೆ ಬಾರವು. ಕುತಂತ್ರ ಇರುವುದು ಪಕ್ಕದ ನಾಲ್ಕನೇ ಇಂಗಾಲದಲ್ಲಿ. ಅಲ್ಲಿ ಚಾಚಿಕೊಂಡ ಎಥೈನೈಲ್ ಗುಂಪು ಕಿಣ್ವದ ಒಳಗಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಎಳೆ ಒಂದು ಹೆಜ್ಜೆ ಸರಿದರೆ ತಾನೇ ಮುಂದಿನದಕ್ಕೆ ಜಾಗ? ಸರಿಯುವುದೇ ಇಲ್ಲ. ಅಣುವಿನ ಬೇಸ್ ಭಾಗಕ್ಕೆ ಸೇರಿಸಿದ ಒಂದು ಫ್ಲೋರಿನ್ ಪರಮಾಣು, ದೇಹದ ಕಿಣ್ವಗಳು ಮದ್ದನ್ನು ಬೇಗ ಹಾಳುಗೆಡವದಂತೆ ಕಾಯುತ್ತದೆ.

ಅಷ್ಟು ಶಕ್ತಿಯೇ ತೊಡಕೂ ಆಯಿತು. ಮದ್ದು ತೆಗೆದುಕೊಂಡವರಲ್ಲಿ ಲಿಂಫೊಸೈಟ್ ಎಂಬ ಬಿಳಿ ರಕ್ತಕಣಗಳು ಇಳಿಯತೊಡಗಿ, 2021ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಪ್ರಯೋಗಗಳಿಗೆ ತಡೆ ಹಾಕಿತು. ಬಳಿಕ ದಿನದ 0.75 ಮಿಲಿಗ್ರಾಂ ಪ್ರಮಾಣವನ್ನು 0.25ಕ್ಕೆ ಇಳಿಸಿ, ಡೊರಾವಿರಿನ್ ಎಂಬ ಇನ್ನೊಂದು ಎಚ್‌ಐವಿ ಮದ್ದಿನ ಜೊತೆ ಕೊಟ್ಟು ನೋಡಿದರು. ಆಗಲೂ ಬಹುತೇಕರಲ್ಲಿ ವೈರಸ್ ತಲೆಯೆತ್ತಲಿಲ್ಲ.