ಫಾರಂ 700ರಲ್ಲಿ ಒಂದು ಸಹಿ

ಕೊಡಗಿನ ಶ್ರೀಮಂಗಲದ ಕಾಫಿ ತೋಟಗಳಲ್ಲಿ ಕಳೆ ಕೊಚ್ಚುವ ಯಂತ್ರದ ಬೋಲ್ಟು ಪದೇ ಪದೇ ಸಡಿಲಾದರೆ ಅದನ್ನು ಹೊತ್ತು ತರುವುದು ಈ ಜಗಲಿಗೆ. ಮನೆಯ ಯಜಮಾನರು ವಾಯುಪಡೆಯ ನಿವೃತ್ತ ಫಿಟ್ಟರ್. ಹೆಸರು ಹಾಕಬೇಡಿ ಅಂದರು, ಹಾಕಿಲ್ಲ. ವಿಮಾನದ ಕೆಲಸ ಎಂಥದ್ದು ಅಂತ ಕೇಳಿದ್ದಕ್ಕೆ ಮಾತಾಡದೆ ಒಂದು ಸುರುಳಿ ತಂತಿ ತಂದಿಟ್ಟರು.

ಲಾಕ್ ವೈರ್. 0.8 ಮಿಲಿಮೀಟರ್ ದಪ್ಪದ ಸ್ಟೀಲ್ ತಂತಿ. ಬೋಲ್ಟಿನ ತಲೆಯಲ್ಲಿ ತೂತಿರುತ್ತದೆ. ಅದರೊಳಗೆ ತಂತಿ ತೂರಿಸಿ, ಎರಡೂ ಎಳೆಗಳನ್ನು ಹುರಿ ಮಾಡಿ ಪಕ್ಕದ ಬೋಲ್ಟಿಗೆ ಕಟ್ಟಬೇಕು. ಅಂಗುಲಕ್ಕೆ ಆರರಿಂದ ಎಂಟು ಸುತ್ತು. ಕಡಿಮೆಯಾದರೆ ಸಡಿಲ, ಹೆಚ್ಚಾದರೆ ತಂತಿಯೇ ತುಂಡು. ಜಾಣತನವಿರುವುದು ದಿಕ್ಕಿನಲ್ಲಿ: ಒಂದು ಬೋಲ್ಟು ಬಿಚ್ಚಿಕೊಳ್ಳಲು ಹೊರಟರೆ ತಂತಿ ಇನ್ನೊಂದನ್ನು ಬಿಗಿಯುವ ಕಡೆಗೇ ಎಳೆಯಬೇಕು. ತಿರುಗಾ ಮುರುಗಾ ಕಟ್ಟಿದರೆ ಕಟ್ಟಿದ್ದೇ ದಂಡ. ಕೊನೆಯ ತುದಿಯನ್ನು ಒಳಕ್ಕೆ ಮಡಚಬೇಕು, ನಾಳೆ ಅಲ್ಲಿ ಕೈ ಹಾಕುವವನಿಗೆ ಚುಚ್ಚಬಾರದು. ಒಮ್ಮೆ ಬಿಚ್ಚಿದ ತಂತಿ ನೇರ ಕಸದ ಡಬ್ಬಿಗೆ. ಅವರ ಬೆರಳುಗಳು ಇದನ್ನೆಲ್ಲ ನೋಡದೆಯೇ ಮಾಡುತ್ತವೆ.

ಕೆಲಸ ಮುಗಿದ ಮೇಲೆ ಹತಾರಗಳ ಎಣಿಕೆ. ಒಂದು ಸ್ಪ್ಯಾನರ್ ಸಿಗಲಿಲ್ಲವೋ, ವಿಮಾನ ನಿಂತಲ್ಲೇ ನಿಲ್ಲಬೇಕು. ಆಮೇಲೆ ವಿಮಾನದ ದಾಖಲೆ ಪುಸ್ತಕ, ಫಾರಂ 700. ಯಾವ ಭಾಗವನ್ನು ಯಾರು ನೋಡಿದರೋ ಅವರ ಸಹಿ ಅದರಲ್ಲಿರುತ್ತದೆ. ಅದನ್ನು ಓದಿ ಪೈಲಟ್ ಸಹಿ ಹಾಕಿದ ಮೇಲೆಯೇ ಹಾರಾಟ.

ಕೊಡಗಿನಲ್ಲಿ ವಾಯುಪಡೆ ಅಂದರೆ ಮೊದಲು ನೆನಪಾಗುವುದು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. 1965ರ ಯುದ್ಧದಲ್ಲಿ, ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೊರಟ ತಂಡದಲ್ಲಿ ಅವರದು ಮೀಸಲು ವಿಮಾನ. ಆ ಹಳೆಯ ಮಿಸ್ಟೇರ್ ವಿಮಾನದಲ್ಲೇ ಅವರು ಅದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ಒಂದನ್ನು ಕೆಡವಿದರು, ಹಿಂತಿರುಗಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಮೀಸಲು ವಿಮಾನವೂ ಹೊರಡಲು ಸಿದ್ಧವಿತ್ತು ಎಂದರೆ ಅದರ ಕಾಗದದಲ್ಲೂ ಯಾವುದೋ ಫಿಟ್ಟರುಗಳ ಸಹಿ ಇದ್ದಿರಲೇಬೇಕು. ಅವರು ಯಾರೆಂದು ಯಾರೂ ಕೇಳುವುದಿಲ್ಲ. ಈ ಮಾತು ನನ್ನದು, ಯಜಮಾನರದಲ್ಲ.

ಕರ್ನಾಟಕಕ್ಕೆ ವಿಮಾನ ರಿಪೇರಿಯ ಈ ಕಸುಬು ಹೊಸದಲ್ಲ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ತೆರೆದರು; ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಿಮಾನಗಳೂ ಅಲ್ಲಿ ರಿಪೇರಿಯಾದವು.

ಆದರೆ ವಾಯುಪಡೆಯಿಂದ ಹೊರಬಂದ ಫಿಟ್ಟರ್ ನಾಗರಿಕ ವಿಮಾನಕ್ಕೆ ಸಹಿ ಹಾಕಲು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಲೈಸೆನ್ಸ್ ಬೇಕು: ಎಂಜಿನ್, ಏರ್‌ಫ್ರೇಮ್‌ಗೆ ಬಿ1, ವಿದ್ಯುತ್ ಮತ್ತು ಏವಿಯಾನಿಕ್ಸ್‌ಗೆ ಬಿ2. ಒಂದೊಂದು ಪತ್ರಿಕೆಯಲ್ಲೂ ನೂರಕ್ಕೆ 75 ಬಂದರೆ ಮಾತ್ರ ಪಾಸು. ಪಾಸಾದರೂ ವಿಮಾನದ ಮೇಲೆ ವರ್ಷಗಟ್ಟಲೆ ಕೈಕೆಲಸ ತೋರಿಸಬೇಕು. ವಾಯುಪಡೆಯ ಅನುಭವ ಲೆಕ್ಕಕ್ಕೆ ಬರುತ್ತದೆ, ಆದರೆ ಅದೊಂದೇ ಸಾಲದು. ನಾಗರಿಕ ವಿಮಾನಗಳ ಮೇಲೂ ದುಡಿದಿರಬೇಕು. ನಲವತ್ತರ ಹತ್ತಿರ ಪಿಂಚಣಿಯೊಂದಿಗೆ ಬಂದವರಿಗೆ ಮತ್ತೆ ಪುಸ್ತಕ ಹಿಡಿಯುವ ಉತ್ಸಾಹ ಎಲ್ಲಿ? ತೋಟ ಕರೆಯುತ್ತದೆ. ತಂತಿ ಹುರಿ ಮಾಡಬಲ್ಲ ಇಂಥ ಕೈಗಳಿಂದ ಹುಡುಗರಿಗೆ ಪಾಠ ಹೇಳಿಸುವ ದಾರಿ ಯಾರಾದರೂ ಹುಡುಕಬಾರದೇ ಅನ್ನಿಸಿತು.

ಊರಿನ ಮಕ್ಕಳು ಇವರ ಬಳಿ ಬರುವುದುಂಟು. ಪೈಲಟ್ ಆಗುವುದು ಹೇಗೆ ಅಂತ ಕೇಳುತ್ತಾರಂತೆ. ಫಿಟ್ಟರ್ ಆಗುವುದು ಹೇಗೆ ಅಂತ ಈವರೆಗೆ ಒಬ್ಬರೂ ಕೇಳಿಲ್ಲ.