ತೋಟದ ತೋಡು ಮತ್ತು ಮುಗುಡು ಮೀನು

ಮುಂಗಾರಿನ ಮೊದಲ ಮಳೆಗೆ ತೋಡು ತುಂಬಿದೊಡನೆ ಹೊಳೆಯಿಂದ ಗದ್ದೆಗೆ ಏರಿ ಬರುವ ಮುಗುಡು ಮೀನನ್ನು ಅರಿಯದ ಕೃಷಿಕರು ಉಡುಪಿ, ಕಾಪು, ಕಾರ್ಕಳದ ಕಡೆ ವಿರಳ. ಮೀಸೆಯುಳ್ಳ, ಹುರುಪೆಯಿಲ್ಲದ ಈ ಮೀನು ನೀರಿನ ಮೇಲ್ಗಡೆಗೆ ಬಂದು ಗಾಳಿಯನ್ನೂ ಉಸಿರಾಡಬಲ್ಲದು. ಆದುದರಿಂದಲೇ ಬತ್ತುತ್ತಿರುವ ಕೆರೆಯ ಕೆಸರಿನಲ್ಲಿಯೂ ಅದು ಬದುಕುತ್ತದೆ.

ಪಶ್ಚಿಮ ಘಟ್ಟದಿಂದಿಳಿಯುವ ಹೊಳೆಗಳ ಮುಗುಡಿಗೆ 1840ರಲ್ಲಿ ಫ್ರೆಂಚ್ ವಿಜ್ಞಾನಿ ವ್ಯಾಲನ್ಸಿಯೆನ್ ಇಟ್ಟ ಹೆಸರು ಕ್ಲೇರಿಯಸ್ ಡುಸುಮಿಯೇರಿ. ಇದು ಅಳಿವಿನ ಅಪಾಯಕ್ಕೆ ಸಮೀಪಿಸಿರುವ ಜಾತಿಯೆಂದು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಗುರುತಿಸಿದೆ.

ನೆಲೆ ಕಿರಿದಾದಷ್ಟೂ ಅಪಾಯ ಹಿರಿದು. ಇದೇ ಕುಲದ ಇನ್ನೊಂದು ಮೀನು ಆಫ್ರಿಕಾದ ಕ್ಯಾಮರೂನ್ ದೇಶದ ಬರೋಂಬಿ ಮ್ಬೊ ಎಂಬ ಒಂದೇ ಸರೋವರದಲ್ಲಿದೆ. ಲೋಕದಲ್ಲಿ ಬೇರೆಲ್ಲಿಯೂ ಇಲ್ಲ. ಸುತ್ತಲಿನ ಇಳಿಜಾರಿನ ಕಾಡು ಕಡಿದು ಸಾಗುವಳಿ ಮಾಡಿದಾಗ ಮಣ್ಣು ಸರೋವರಕ್ಕಿಳಿಯುತ್ತದೆ. ಆ ಮೀನು ಇಂದು ತೀವ್ರ ಅಪಾಯದಲ್ಲಿದೆ. ಘಟ್ಟದ ಬುಡದ ಇಳಿಜಾರಿನಲ್ಲಿ ತೋಟ ಮಾಡಿರುವ ನಮಗೆ ಇದು ದೂರದ ಮಾತಲ್ಲ.

ನಮ್ಮ ಮುಗುಡಿಗೆ ತೋಟದಿಂದಲೇ ಬರುವ ಕೇಡುಗಳನ್ನು ನೋಡೋಣ. ಕೊಳೆರೋಗಕ್ಕೆ ನಾವು ಬಳಸುವ ಬೋರ್ಡೋ ದ್ರಾವಣದಲ್ಲಿ 100 ಲೀಟರು ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಸೇರುತ್ತದೆ. ಮೈಲುತುತ್ತಿನ ತಾಮ್ರವು ಅಲ್ಪ ಪ್ರಮಾಣದಲ್ಲಿಯೂ ಮೀನಿಗೆ ವಿಷ. ಸಿಂಪಡಣೆಯ ಕಾಲವೂ, ಮುಗುಡು ಮೊಟ್ಟೆಯಿಡುವ ಕಾಲವೂ ಮಳೆಗಾಲವೇ. ಹೊಳೆಗೆ ಬ್ಲೀಚಿಂಗ್ ಪುಡಿ ಹಾಕಿ ಮೀನು ಹಿಡಿಯುವವರಂತೂ ಮರಿಗಳನ್ನೂ ಉಳಿಸುವುದಿಲ್ಲ.

ಇನ್ನೊಂದು ಕೇಡು ಆಫ್ರಿಕನ್ ಮುಗುಡು. ಬೇಗ ಬೆಳೆಯುತ್ತದೆಂದು ಕೆಲವರು ಇದನ್ನು ಕೆರೆ, ಹೊಂಡಗಳಲ್ಲಿ ಸಾಕುತ್ತಾರೆ. ಒಂದು ಮೀಟರಿಗೂ ಮೀರಿ ಬೆಳೆಯುವ ಈ ಮೀನು ಇತರ ಮೀನು, ಕಪ್ಪೆಗಳನ್ನು ನುಂಗುತ್ತದೆ. ಕೇಂದ್ರ ಸರಕಾರವು 2000ದಲ್ಲಿಯೇ ಇದರ ಸಾಕಣೆಯನ್ನು ನಿಷೇಧಿಸಿದೆ. ಕಾರ್ಕಳದ ಕಡೆಯ ಒಂದು ಹೊಂಡ ಉಕ್ಕಿದರೆ ಮೀನು ಸ್ವರ್ಣಾ ನದಿಗಿಳಿಯಲು ಹೆಚ್ಚು ಹೊತ್ತು ಬೇಡ. ಉಡುಪಿ, ಮಣಿಪಾಲದವರು ಕುಡಿಯುವುದೂ ಅದೇ ಸ್ವರ್ಣೆಯ ನೀರು.

ಆದುದರಿಂದ ಸದಸ್ಯ ಬಂಧುಗಳು ಇಷ್ಟನ್ನು ಪಾಲಿಸಬೇಕು:

1. ಪಂಪು, ಪೀಪಾಯಿಗಳನ್ನು ತೋಡಿನಲ್ಲಿ ತೊಳೆಯಬಾರದು. ಉಳಿದ ದ್ರಾವಣವನ್ನು ಕಣಿಗೆ ಚೆಲ್ಲಬಾರದು.

2. ಆಫ್ರಿಕನ್ ಮುಗುಡಿನ ಮರಿಯನ್ನು ಕೊಳ್ಳಬಾರದು. ಇದ್ದುದನ್ನು ಹೊಳೆಗೆ ಬಿಡಲೇಬಾರದು.

3. ಮೊದಲ ಮಳೆಗೆ ಏರಿ ಬರುವ ಮೀನಿನ ಹೊಟ್ಟೆಯಲ್ಲಿ ಮೊಟ್ಟೆಯಿರುತ್ತದೆ. ಉಬರ್ ಮೀನಿನ ರುಚಿಯನ್ನು ನಾವೆಲ್ಲ ಬಲ್ಲೆವು. ಆದರೂ ಆ ಕೆಲವು ದಿನ ಕೈ ತಡೆಯುವುದು ಒಳ್ಳೆಯದು.

4. ಗದ್ದೆಗೂ ಹೊಳೆಗೂ ನಡುವಿನ ತೋಡನ್ನು ಮುಚ್ಚದೆ ಉಳಿಸಿಕೊಳ್ಳಬೇಕು.

ಇದರಲ್ಲಿ ಯಾವುದಕ್ಕೂ ಹಣ ಬೇಡ. ತೋಡಿನಲ್ಲಿ ಮುಗುಡು ಬದುಕಿದ್ದರೆ ತೋಟಕ್ಕೆ ಹಾಯುವ ನೀರೂ ನಿರ್ಮಲವಾಗಿರುತ್ತದೆ.