ತುತ್ತದ ನೀಲಿ, ಮೀಟರಿನ ಅಂಕಿ

ಸಾಗರದ ಲಾಲ್ ಬಹದ್ದೂರ್ ಕಾಲೇಜು, ತೀರ್ಥಹಳ್ಳಿಯ ತುಂಗಾ ಮಹಾವಿದ್ಯಾಲಯ, ಹೊಸನಗರದ ಸರ್ಕಾರಿ ಕಾಲೇಜು, ಮೂರೂ 1987ರಲ್ಲಿ ಹುಟ್ಟಿದ ಕುವೆಂಪು ವಿಶ್ವವಿದ್ಯಾಲಯದ ತೆಕ್ಕೆಯವು. ಆಗುಂಬೆ, ಹುಲಿಕಲ್‌ಗಳ ಮಳೆ ಸುರಿಯುವ ಈ ಸೀಮೆಯಲ್ಲಿ ಕೆಮಿಸ್ಟ್ರಿ ಲ್ಯಾಬಿನ ಮೊದಲ ಶತ್ರು ಥಂಡಿ. ತಕ್ಕಡಿಯ ಗಾಜಿನ ಗೂಡಿನಲ್ಲಿಟ್ಟ ನೀಲಿ ಸಿಲಿಕಾ ಜೆಲ್ ಗುಲಾಬಿಯಾದರೆ ನೀರು ಕುಡಿದು ತುಂಬಿದೆ ಎಂದರ್ಥ. ಬಿಸಿ ಮಾಡಿ ಒಣಗಿಸಬೇಕು. ಉಪಕರಣ ಕಲಿಯುವುದು ಇಂಥ ಚಾಕರಿಯಿಂದಲೇ ಶುರುವಾಗುತ್ತದೆ.

ಅಡಿಕೆ ತೋಟದ ಮಕ್ಕಳಿಗೆ ಮೈಲುತುತ್ತ ಮನೆಯ ಅಟ್ಟದ ಸಾಮಾನು. ಕಾಲೇಜಿನಲ್ಲಿ ಅದು ಕಾಪರ್ ಸಲ್ಫೇಟ್ ಆಗಿ ಕಲರಿಮೀಟರಿನ ಎದುರು ಬರುತ್ತದೆ. ಅಮೋನಿಯ ಹನಿಸಿದರೆ ತಿಳಿನೀಲಿ ದಟ್ಟವಾಗುತ್ತದೆ. ಒಂದು ಬದಿಯಿಂದ ಬೆಳಕು, ನಡುವೆ ಕ್ಯುವೆಟ್, ಆಚೆ ಎಷ್ಟು ಬೆಳಕು ದಾಟಿತೆಂದು ನೋಡುವ ಫೋಟೊಸೆಲ್. ನೀಲಿ ದ್ರಾವಣಕ್ಕೆ ನೀಲಿ ಫಿಲ್ಟರ್ ಹಾಕಿ ಬೆಪ್ಪಾಗುವವರು ಬಹಳ. ಆ ದ್ರಾವಣ ನುಂಗುವುದು ಕೆಂಪು-ಕಿತ್ತಳೆಯನ್ನು; ಆದ್ದರಿಂದ ಫಿಲ್ಟರ್ 620 ನ್ಯಾನೊಮೀಟರ್ ಆಸುಪಾಸಿನದು ಬೇಕು. ಮೊದಲು ತಾಮ್ರವಿಲ್ಲದ ಬ್ಲ್ಯಾಂಕ್ ಇಟ್ಟು ಸೊನ್ನೆ ಹೊಂದಿಸಿ, ಆಮೇಲೆ ಸಾಂದ್ರತೆ ಗೊತ್ತಿರುವ ದ್ರಾವಣಗಳನ್ನು ಸಾಲಾಗಿ ಓದಿ, ಗ್ರಾಫ್ ಎಳೆಯಬೇಕು. ಬಿಯರ್-ಲ್ಯಾಂಬರ್ಟ್ ನಿಯಮದ ಪ್ರಕಾರ ಬಿಂದುಗಳು ಸರಳರೇಖೆಯಲ್ಲಿ ಕೂರಬೇಕು. ಕೂರದಿದ್ದರೆ? ಬಿಂದುವನ್ನೇ ಕೊಂಚ ಸರಿಸಿ ರೆಕಾರ್ಡ್ ಚಂದಮಾಡುವ ಚಾಳಿ ಯಾವ ಲ್ಯಾಬಿಗೂ ಹೊಸದಲ್ಲ. ನನಗಂತೂ ರೇಖೆ ತಪ್ಪಿದ ಬಿಂದುವೇ ಆ ದಿನದ ಪಾಠ. ಕ್ಯುವೆಟ್ಟಿನ ನುಣುಪು ಮೈಗೆ ಬೆರಳು ತಾಗಿರಬಹುದು, ಒಳಗೆ ಗುಳ್ಳೆ ನಿಂತಿರಬಹುದು, ದ್ರಾವಣವೇ ಅತಿ ಗಾಢವಾಗಿರಬಹುದು. ಹುಡುಕಿದವರ ಕೈ ಪಳಗುತ್ತದೆ.

ಪಿಎಚ್ ಮೀಟರ್ ಇನ್ನೂ ನಾಜೂಕು. ಹುಳಿ-ಕ್ಷಾರ ತಿಳಿಸುವ ಪಿಎಚ್ ಅಳತೆಯನ್ನು 1909ರಲ್ಲಿ ಕೊಟ್ಟವರು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದ ಸೊರೆನ್ಸನ್. 1934ರಲ್ಲಿ ಅಮೆರಿಕದ ಆರ್ನಾಲ್ಡ್ ಬೆಕ್‌ಮನ್ ಅದಕ್ಕೊಂದು ಯಂತ್ರ ಮಾಡಿದ್ದು ನಿಂಬೆರಸದ ಹುಳಿ ಅಳೆಯಲಿಕ್ಕೆ. ಹುಟ್ಟಿನಿಂದಲೇ ಇದು ತೋಟದವರ ಉಪಕರಣ. ಗಾಜಿನ ಎಲೆಕ್ಟ್ರೋಡಿನ ತುದಿ ಒಣಗಬಾರದು. ಒರೆಸುವಾಗ ಉಜ್ಜದೆ ಒತ್ತಿ ತೆಗೆಯಬೇಕು. 4, 7, 9.2ರ ಬಫರುಗಳಲ್ಲಿ ಸರಿಹೊಂದಿಸದೆ ಅದು ತೋರಿಸುವ ಅಂಕಿಯನ್ನು ನಂಬಬಾರದು.

ಈ ಮೀಟರಿಗೆ ತೋಟದಲ್ಲೂ ಕೆಲಸವಿದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೊ ತುತ್ತ, 1 ಕಿಲೊ ಸುಣ್ಣ. ಸುಣ್ಣ ಹಳತಾಗಿದ್ದರೆ ಲೆಕ್ಕ ಕೆಟ್ಟು ಹುಳಿ ಉಳಿಯುತ್ತದೆ. ತೋಟದಲ್ಲಿ ಅದಕ್ಕೆ ಕತ್ತಿಯ ಪರೀಕ್ಷೆ ಉಂಟು: ಹೊಳೆಯುವ ಕಬ್ಬಿಣವನ್ನು ಅದ್ದಿ ತೆಗೆದಾಗ ಕೆಂಪು ಲೇಪ ಹತ್ತಿದರೆ, ಬಿಡಿ ತಾಮ್ರ ಕಬ್ಬಿಣದ ಮೇಲೆ ಕೂತಿದೆ, ಇನ್ನಷ್ಟು ಸುಣ್ಣ ಬೇಕು. ಲ್ಯಾಬಿನ ಮೀಟರಿನಲ್ಲಿ ಅದೇ ದ್ರಾವಣ 7ಕ್ಕಿಂತ ಕೆಳಗೆ ನಿಲ್ಲುತ್ತದೆ. ಕಾಲೇಜುಗಳು ಈ ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ಹೋಲಿಸಲಿ ಎಂಬುದು ನನ್ನ ಆಸೆ. ಆದರೆ ಬಗ್ಗಡ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಬಗ್ಗಿಸಿ ಅಳೆಯಬೇಕು. ಸುಣ್ಣದ ಗಸಿ ಎಲೆಕ್ಟ್ರೋಡಿನ ರಂಧ್ರಕ್ಕೆ ಕಟ್ಟಿಕೊಂಡರೆ ಅಟೆಂಡರ್ ಬಿಟ್ಟಾರೆಯೇ?